ಒಂದು ಎತ್ವದ ಬಣ್ಣ

ಇರಕಲ್ಲಗಡದಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ತಿಮ್ಮಣ್ಣನಿಗೆ ಶುಭಶಕುನದಂತೆ ಕಂಡಿತು. ಹಾಗೆ ಕಂಡದ್ದಕ್ಕೆ ಅವನಿಗೇ ನಾಚಿಕೆಯೂ ಆಯಿತು. ನಿವೃತ್ತಿಯ ಅಂಚಿಗೆ ಬಂದ ಮನುಷ್ಯ, ಜೀವಮಾನವೆಲ್ಲ ದನದ ದವಾಖಾನೆಯಲ್ಲಿ ಕಂಪೌಂಡರಾಗಿ ಎಮ್ಮೆಗಳಿಗೆ ಬಿದಿರ ಗೊಟ್ಟದಿಂದ ಔಷಧ ಕುಡಿಸಿದವನು, ಒಂದು ಕಿಟಕಿಗೆ ಇಷ್ಟು ಹಿಗ್ಗಬಾರದು. ಆದರೆ ಹಿಗ್ಗಿದ್ದ. ಇವತ್ತು, ಗಾಡಿಗಳಿಗೆ ಬಣ್ಣ ಹೊಡೆದು ರಿಪೇರಿ ಮಾಡುವ ನಜೀರಸಾಬನ ಶೆಡ್ಡಿನಿಂದ ತನ್ನ ಗಾಡಿ ಬಿಡಿಸಿಕೊಂಡು ಬರುವ ದಿನ. ನಾಳೆ ಕುಷ್ಟಗಿಯಲ್ಲಿ ಮಗಳು ಸುರೇಖಾಳ ಕುಬಸ. ಬೀಗರ ಮನೆಯಲ್ಲಿ ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕು. ಕರೆತರುವುದು ಅದೇ ಹಳೆಯ ಬಿಳಿ ಮಾರುತಿಯಲ್ಲೇ. ಆದರೆ ಈ ಸಲ ಅದರ ಮೈಮೇಲೆ ತುಕ್ಕು ಇರುವುದಿಲ್ಲ, ಎಡಗಡೆಯ ಹಿಂದಿನ ಬಾಗಿಲಿಗೆ ಹಗ್ಗ ಇರುವುದಿಲ್ಲ, ಮತ್ತು ಹಿಂಭಾಗದಲ್ಲಿ, ಡಿಕ್ಕಿಯ ಮೇಲೆ, ಕೆಂಪು ಅಕ್ಷರದಲ್ಲಿ ಸುರೇಖಾ ಎಂದು ಬರೆದಿರುತ್ತದೆ. ಉಳಿದದ್ದು ಹೆಚ್ಚು ಕಡಿಮೆ ಆದರೂ ನಡೆದೀತು, ಈ ಹೆಸರೊಂದು ಇರಲೇಬೇಕು ಎಂದು ಅವನು ಮನಸ್ಸಿನಲ್ಲೇ ಯಾರಿಗೋ ತಾಕೀತು ಮಾಡಿದ.

ಯಾರಿಗೆ ಮಾಡಬೇಕಿತ್ತೋ ಅವರಿಗೆ ಮೊನ್ನೆಯೇ ಮಾಡಿ ಆಗಿತ್ತು. ನಜೀರಸಾಬ ಫೋನು ಮಾಡಿದಾಗ ತಿಮ್ಮಣ್ಣ ದವಾಖಾನೆಯ ಅಂಗಳದಲ್ಲಿ ಒಂದು ಒರಟು ಎಮ್ಮೆಯನ್ನು ಕಂಬಗಳ ನಡುವೆ ಕಟ್ಟಿ ನಿಲ್ಲಿಸಿಕೊಂಡಿದ್ದ. ಎಮ್ಮೆ ಅರಚುತ್ತಿತ್ತು, ಅದರ ಕರು ಆಚೆ ನಿಂತು ಅದಕ್ಕಿಂತ ಜೋರಾಗಿ ಅರಚುತ್ತಿತ್ತು, ಎಮ್ಮೆಯ ಯಜಮಾನ ಎರಡಕ್ಕೂ ಬೈಯುತ್ತಿದ್ದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಹಿಡಿದು ತಿಮ್ಮಣ್ಣ ಗಂಟಲು ಹರಿಯುವಂತೆ ಮಾತಾಡಿದ್ದ. ಪ್ರೈಮರ್ ಒಣಗಿದೆ, ನಾಳೆ ಬಣ್ಣ ಹೊಡೆಯುತ್ತೇನೆ, ಏನಾದರೂ ಹೇಳುವುದಿದೆಯೇ ಎಂದು ಸಾಬ ಕೇಳಿದ. "ಹೆಸರ ಮರೀಬ್ಯಾಡ್ರಿ ಸಾಬ್ರ," ಎಂದ ತಿಮ್ಮಣ್ಣ. ಏನಂದ್ರಿ ಎಂದು ಆ ಕಡೆಯಿಂದ ಬಂತು. "ಹೆಸರ, ಹೆಸರ. ದೂರಿಂದ ಎದ್ದು ಕಾಣಬೇಕು ನೋಡ್ರಿ." ಸಾಬ ಒಂದು ಗಳಿಗೆ ತಡೆದು, "ಪೂರಾ ಏನ್ರಿ?" ಎಂದ. ಆ ಪ್ರಶ್ನೆ ತಿಮ್ಮಣ್ಣನಿಗೆ ಬಹಳ ಹಿಡಿಸಿತ್ತು. ಜಾಗ ಸಾಲದೆ ಬರೀ 'ಸುರೇ' ಎಂದು ಗೀಚಿ ಕೈತೊಳೆದುಕೊಳ್ಳುವ ಪೈಕಿ ಅಲ್ಲ ಈ ಮನುಷ್ಯ. "ಪೂರಾ. ಅರ್ಧಮರ್ಧ ಬ್ಯಾಡ," ಎಂದು ಕೂಗಿ ಹೇಳಿದ. ಆತ್ರಿ, ನಿಮ್ಮ ಇಚ್ಛಾ ಎಂದು ಸಾಬ ಫೋನು ಇಟ್ಟ. ಆ 'ನಿಮ್ಮ ಇಚ್ಛಾ' ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಎರಡು ದಿನದಿಂದ ತಿಮ್ಮಣ್ಣನೊಳಗೆ ಉಳಿದಿತ್ತು. ಮಗಳ ಹೆಸರು ಬರೆಸುವುದರಲ್ಲಿ ಅಂಥಾ ಇಚ್ಛೆ ಏನು ಬಂತು?

ಬಸ್ಸು ಊರಾಚೆಯ ಏರು ಹತ್ತುವಾಗ ಅವನಿಗೆ ಥಟ್ಟನೆ ಹೊಳೆಯಿತು: ಹೆಸರು ಬರೆಯಿರಿ ಎಂದೆ, ಯಾವ ಹೆಸರು ಎಂದು ಹೇಳಿದೆನೆ? ಶೆಡ್ಡಿಗೆ ಗಾಡಿ ಬಿಟ್ಟ ದಿನ ಮಗಳ ಕುಬಸದ ಮಾತು ಬಂದಿತ್ತು. ಸುರೇಖಾ ಎಂದು ಬಾಯಿಂದ ಬಂದಿರಲೇಬೇಕು. ಬಂದಿತ್ತೆ? 'ನನ್ನ ಮಗಳು' ಎಂದಷ್ಟೇ ಅಂದಿದ್ದರೆ? ಆಗ ನಜೀರಸಾಬ ಏನು ಮಾಡಿಯಾನು? ಮೊದಲು ಏನಿತ್ತೋ ಅದನ್ನೇ ಹೊಸದಾಗಿ, ದೂರದಿಂದ ಎದ್ದು ಕಾಣುವ ಹಾಗೆ, ಪೂರಾ ಬರೆದಿರುತ್ತಾನೆ. ಹೇಮಾ. ತಿಮ್ಮಣ್ಣನಿಗೆ ಕಿಟಕಿಯ ಗಾಳಿಯಲ್ಲೂ ಬೆವರು ಬಂತು.

ಹೇಮಾ ಯಾರೆಂದು ಅವನು ಕಣ್ಣಾರೆ ಕಂಡದ್ದೇ ಇಲ್ಲ. ಹುಲಿಹೈದರದ ಗೋವಿಂದರಾಜ ಎಂಬವರಿಂದ ಈ ಗಾಡಿ ಕೊಂಡಾಗ ಅದು ಹಿಂಭಾಗದಲ್ಲಿ ಹೇಮಾ ಎಂಬ ಕೆಂಪು ಅಕ್ಷರವನ್ನೂ ಪಕ್ಕದಲ್ಲೊಂದು ಹಳದಿ ಹೂವನ್ನೂ ಹೊತ್ತುಕೊಂಡೇ ಬಂತು. ಅವರ ಮಗಳಂತೆ, ಮದುವೆಯಾಗಿ ರಾಯಚೂರಿಗೆ ಹೋದಳಂತೆ. ಹೆಸರು ಅಳಿಸಿದರೆ ಅಷ್ಟು ಜಾಗದ ಬಣ್ಣ ಬೇರೆಯಾಗುತ್ತದೆ, ಪೂರ್ತಿ ಬಣ್ಣ ಮಾಡಿಸುವಾಗ ನೋಡಿದರಾಯಿತು ಎಂದು ಬಿಟ್ಟದ್ದು ಬಿಟ್ಟ ಹಾಗೇ ಉಳಿಯಿತು. ಊರಲ್ಲಿ ಅದು ತಿಮ್ಮಣ್ಣನ ಗಾಡಿ ಎಂದು ಯಾರೂ ಅನ್ನಲಿಲ್ಲ, ಹೇಮಾನ ಗಾಡಿ ಎಂದರು. ಹೆಂಡತಿ ಫಕೀರಮ್ಮ, ನಿಮ್ಮ ಹೇಮಾಗ ಇವತ್ತ ಮೈ ಚಲೋ ಇಲ್ಲೇನು, ಎಬ್ಬಿಸಿದ್ರ ಏಳವಲ್ಲಳು ಎಂದು ನಗುತ್ತಿದ್ದಳು. ಸುರೇಖಾ ಮಾತ್ರ ಒಮ್ಮೆ ಸಾಲೆಯಿಂದ ಅಳುತ್ತ ಬಂದಳು. ಯಾವಳೋ ಒಬ್ಬಳು, ಅದು ನಿಮ್ಮ ಗಾಡಿ ಅಲ್ಲ, ನಿನ್ನ ಹೆಸರೆಲ್ಲಿ ಐತಿ ತೋರಿಸು ಎಂದಿದ್ದಳಂತೆ. ಬಣ್ಣ ಹಚ್ಚಿಸೂಮುಂದ ನಿನ್ನ ಹೆಸರು ಬರೆಸುತ್ತೇನೆ ಎಂದು ತಿಮ್ಮಣ್ಣ ಮಾತು ಕೊಟ್ಟ. ಮಾತು ಕೊಡುವುದು ಅವನಿಗೆ ಸುಲಭವಾಗಿ ಬರುತ್ತಿತ್ತು. ಎಮ್ಮೆಯ ಯಜಮಾನರಿಗೂ ಹಾಗೆಯೇ ಕೊಡುತ್ತಿದ್ದ. ಸುರೇಖಾ ಮತ್ತೆ ಆ ಮಾತು ಎತ್ತಲೇ ಇಲ್ಲ. ಆದರೆ ಬೆಳಿಗ್ಗೆ ಅವನು ಬಕೀಟು, ಅರಿವೆ ಹಿಡಿದು ಗಾಡಿ ತೊಳೆಯಲು ಹೋದರೆ ಹೇಮಾ ಎಂಬುದರ ಕೆಳಗೆ, ಧೂಳಿನಲ್ಲಿ, ಬೆರಳಿನಿಂದ ಬರೆದ ಸುರೇಖಾ ಕಾಣುತ್ತಿತ್ತು, ಸ್ವಲ್ಪ ಓರೆಯಾಗಿ, ಸಣ್ಣಗೆ. ಗಾಡಿ ಅಂದ್ರ ಪಾಟಿ ಏನಬೇ ಎಂದು ಗದರಿ ಅವನು ಒರೆಸಿಬಿಡುತ್ತಿದ್ದ. ಎಷ್ಟು ಬೆಳಿಗ್ಗೆ ಒರೆಸಿದನೋ ಲೆಕ್ಕವಿಲ್ಲ. ಬಣ್ಣದಲ್ಲಿ ಬರೆದದ್ದು ಉಳಿಯುತ್ತಿತ್ತು, ಧೂಳಿನದು ಹೋಗುತ್ತಿತ್ತು. ಮಗಳ ಮದುವೆಯಾಗಿ ಮನೆ ಖಾಲಿಯಾದ ಮೇಲೆ ಒಂದು ಬೆಳಿಗ್ಗೆ ತೊಳೆಯಲು ಹೋದಾಗ ಬರೀ ಹೇಮಾ ಇದ್ದಳು. ಅವತ್ತು ಅವನು ಗಾಡಿ ತೊಳೆಯದೆ ಒಳಗೆ ಬಂದು ಚಹಾ ಕೇಳಿದ್ದ.

ಆಮೇಲೆ ದೀಪಾವಳಿ ಬಂತು, ಮತ್ತು ಕುಷ್ಟಗಿಯ ಆ ಪ್ರಸಂಗ. ಹಬ್ಬಕ್ಕೆ ಮಗಳು ಅಳಿಯನನ್ನು ಕರೆಯಲು ಹೋಗಿದ್ದ, ಹೊರಡುವ ಹೊತ್ತಿಗೆ ಗಾಡಿ ಏಳಲಿಲ್ಲ. ಎಡಬಾಗಿಲು ಆಗಲೇ ಕೆಟ್ಟು ಹಗ್ಗದಿಂದ ಬಿಗಿದಿತ್ತು. ಹೊಸ ಮದುವೆಯ ಹುಡುಗಿ ರೇಷ್ಮೆ ಸೀರೆ ಎತ್ತಿಕೊಂಡು ಬಲಗಡೆಯಿಂದ ತೆವಳಿ ಆಚೆ ಸರಿದು ಕೂತಳು. ಓಣಿಯ ಮಂದಿ ಸೇರಿ ನೂಕಿದರು. ಬೀಗ ವಿರುಪಣ್ಣ ಕಟ್ಟೆಯ ಮೇಲಿಂದ, "ನಮ್ಮ ಡಾಕ್ಟರ್ ಬೀಗರ ಗಾಡಿ ದನ ಇದ್ದಂಗ ಐತಿ. ಬಾಲ ತಿರುವ್ರೋ, ಏಳತೈತಿ," ಎಂದ. ಎಲ್ಲರೂ ನಕ್ಕರು, ಅಳಿಯ ದುರಗೇಶ ನಗದೆ ಇರಲು ಮಾಡಿದ ಪ್ರಯತ್ನ ನಗುವುದಕ್ಕಿಂತ ಕೆಟ್ಟದಾಗಿ ಕಂಡಿತು. ವಿರುಪಣ್ಣನಲ್ಲಿ ಕೆಡುಕಿರಲಿಲ್ಲ, ಅದು ತಿಮ್ಮಣ್ಣನಿಗೂ ಗೊತ್ತು. ತಾನು ಡಾಕ್ಟರಲ್ಲ, ಕಂಪೌಂಡರ್ ಎಂಬುದು ವಿರುಪಣ್ಣನಿಗೂ ಗೊತ್ತು. ಗೊತ್ತಿದ್ದೂ ಅಂದದ್ದು ಚುಚ್ಚಿತು. ಅವತ್ತೇ ಅವನು ಬಣ್ಣದ ನಿರ್ಧಾರ ಮಾಡಿದ್ದು. ಗಂಗಾವತಿಯ ಒಂದು ದೊಡ್ಡ ಅಂಗಡಿಯಲ್ಲಿ ವಿಚಾರಿಸಿದಾಗ ಅಲ್ಲಿನವನು ಗಾಡಿಯನ್ನು ಸುತ್ತುಹಾಕಿ, ಇದಕ್ಯಾಕ್ರಿ ಇಷ್ಟು ಖರ್ಚು ಎಂದು ಮರುಕಪಟ್ಟ. ಆ ಮರುಕವನ್ನು ಹೊತ್ತುಕೊಂಡು ಬಂದವನಿಗೆ ನಜೀರಸಾಬನ ಶೆಡ್ಡು ಸಿಕ್ಕಿತು. ಅಲ್ಲಿ ಬಣ್ಣ ಒಣಗಿಸುವ ಬಿಸಿಗೂಡು ಇರಲಿಲ್ಲ. ನಮ್ಮ ಕೊಪ್ಪಳದ ಬಿಸಿಲು ಅದಕಿಂತ ದೊಡ್ಡ ಭಟ್ಟಿ, ಅದಕ್ಕ ಯಾರೂ ಬಿಲ್ಲು ಹಾಕಂಗಿಲ್ಲ ಎಂದು ಸಾಬ ಹೇಳಿದಾಗ ತಿಮ್ಮಣ್ಣ ಅಲ್ಲೇ ಕೀಲಿಕೈ ಕೊಟ್ಟುಬಿಟ್ಟಿದ್ದ.

ಶೆಡ್ಡಿನ ಮುಂದೆ ಇಳಿದಾಗ ಬಿಸಿಲು ಏರಿತ್ತು. ಬಾಗಿಲು ಕಳಚಿದ ಒಂದು ಟೆಂಪೋ, ಅದರಾಚೆ ಯಾರದೋ ಹಸಿರು ಕಾರು, ಮೂಲೆಯಲ್ಲಿ ಉಸಿರು ಬಿಡುತ್ತ ಕಂಪ್ರೆಸರು. ತನ್ನ ಬಿಳಿ ಗಾಡಿ ಕಾಣಲಿಲ್ಲ. ಹಿಂದೆ ಬಿಸಿಲಿಗೆ ನಿಲ್ಲಿಸಿರಬಹುದು. ನಜೀರಸಾಬ ಮದರಂಗಿ ಹಚ್ಚಿದ ಗಡ್ಡದ, ತೆಳ್ಳನೆಯ ಮನುಷ್ಯ. ಎದ್ದು ಬಂದು ಸಲಾಮು ಮಾಡಿ, ಬೆಂಚು ಒರೆಸಿ, ಚಹಾ ತರಿಸಿದ. ಮುಖದಲ್ಲಿ ಒಂದು ನಿರೀಕ್ಷೆ ಇತ್ತು, ಹಬ್ಬದ ಅಡಿಗೆ ಬಡಿಸಿ ನಿಂತವರ ಮುಖದಲ್ಲಿ ಇರುವಂಥದು. ತಿಮ್ಮಣ್ಣ ಚಹಾ ಗುಟುಕರಿಸುತ್ತ ಆ ಹಸಿರು ಕಾರನ್ನು ನೋಡಿದ. ಇಂಥಾ ಬಣ್ಣ ಯಾರು ಹೇಳಿ ಮಾಡಿಸಿಕೊಳ್ಳುತ್ತಾರೋ, ಒಬ್ಬೊಬ್ಬರ ಹುಚ್ಚು ಒಂದೊಂದು ಥರ ಎಂದುಕೊಂಡ. ಕೆಲಸ ಮಾತ್ರ ನುಣುಪಾಗಿತ್ತು, ಅದನ್ನು ಒಪ್ಪಬೇಕು.

"ಹೆಂಗಾಗೈತ್ರಿ?" ಎಂದ ಸಾಬ.

"ಛಲೋ ಆಗೈತಿ. ಯಾರದಿದು?"

ಸಾಬ ನಗಲೂ ಆರದೆ ಬಿಡಲೂ ಆರದೆ ಅವನನ್ನೇ ನೋಡಿದ. "ಚಾಷ್ಟಿ ಮಾಡಬ್ಯಾಡ್ರಿ ಡಾಕ್ಟ್ರ. ನಿಮ್ಮದಽ ಅಲ್ರಿ."

ಚಹಾದ ಗ್ಲಾಸು ಕೈಯಲ್ಲೇ ಉಳಿಯಿತು. ತಿಮ್ಮಣ್ಣ ಮೊದಲು ನಂಬರು ನೋಡಿದ. ನಂಬರು ಅವನದೇ. ಗಾಜಿನೊಳಗೆ ತೂಗುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿ ಫಕೀರಮ್ಮ ಕಟ್ಟಿದ್ದೇ. ಅವುಗಳ ಸುತ್ತ ಇಡೀ ಗಾಡಿ, ಬಾನೆಟ್ಟಿನಿಂದ ಡಿಕ್ಕಿಯವರೆಗೆ, ಹಸಿರಾಗಿ ನಿಂತಿತ್ತು. ಅವನು ಹಿಂಭಾಗಕ್ಕೆ ಹೋದ. ಅಲ್ಲಿ ಹೇಮಾ ಇರಲಿಲ್ಲ, ಸುರೇಖಾ ಇರಲಿಲ್ಲ, ಹಳದಿ ಹೂವೂ ಇರಲಿಲ್ಲ. ಹಸಿರಿನಲ್ಲಿ ಅವನದೇ ಮುಖ ಮಂಕಾಗಿ ಕಾಣುತ್ತಿತ್ತು.

"ಹೆಸರು ಎಲ್ಲಿ ಸಾಬ್ರ?"

"ಪೂರಾ ಹಸರಽ ಐತಲ್ರಿ."

"ಹಸರ ಅಲ್ರೀ. ಹೆಸರ." ತಿಮ್ಮಣ್ಣ ಗಾಳಿಯಲ್ಲಿ ಬೆರಳಾಡಿಸಿ ಬರೆದು ತೋರಿಸಿದ. "ನಾಮ್. ನಾಮ್ ಬರೀರಿ ಅಂದಿದ್ದೆ."

ನಜೀರಸಾಬ ಬೆಂಚಿನ ಮೇಲೆ ಕೂತುಬಿಟ್ಟ. ಕೂತು, ಫೋನಿನಲ್ಲಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದ. ಹಸರ ಮರೀಬ್ಯಾಡ್ರಿ ಅಂದ್ರಿ. ದೂರಿಂದ ಎದ್ದು ಕಾಣಬೇಕು ಅಂದ್ರಿ. ಪೂರಾ ಏನ್ರಿ ಅಂದೆ, ಪೂರಾ, ಅರ್ಧಮರ್ಧ ಬ್ಯಾಡ ಅಂದ್ರಿ. ಬಿಳೀ ಬಣ್ಣ ತಂದಿಟ್ಟಿದ್ದೆ, ಅಂಗಡಿಗೆ ವಾಪಸ್ ಕೊಟ್ಟು ಹಸರು ತಂದೆ. ಕೇಳುತ್ತ ಕೇಳುತ್ತ ತಿಮ್ಮಣ್ಣನಿಗೆ ಎಲ್ಲ ನಿಚ್ಚಳವಾಯಿತು. ಆಡಿದ ಮಾತಿನಲ್ಲಿ ಸುಳ್ಳಿಲ್ಲ, ಕೇಳಿದ ಕಿವಿಯಲ್ಲಿ ತಪ್ಪಿಲ್ಲ. ಆ ಎಮ್ಮೆ ಅರಚಿದ ಗದ್ದಲದಲ್ಲಿ ಎಲ್ಲೋ ಒಂದು ಎತ್ವ ಬಿದ್ದುಹೋಗಿತ್ತು. ಹೆಸರು ಹಸರಾಗಿತ್ತು. ಸಣ್ಣವನಿದ್ದಾಗ ಅಕ್ಷರದ ತಲೆಯ ಮೇಲಿನ ಆ ಕೊಂಕು ಮರೆತರೆ ಮಾಸ್ತರರು ಬೆರಳಗಂಟಿನ ಮೇಲೆ ಹೊಡೆಯುತ್ತಿದ್ದರು; ಇಷ್ಟು ಸಣ್ಣದಕ್ಕೆ ಇಷ್ಟು ಪೆಟ್ಟು ಯಾಕೆಂದು ಅವನಿಗೆ ಆಗ ತಿಳಿದಿರಲಿಲ್ಲ.

ನಡೆದದ್ದು ತಿಳಿದ ಕೂಡಲೇ ಸಿಟ್ಟು ಬರಬೇಕಿತ್ತು. ಅದಕ್ಕೆ ಬದಲು ಬೇರೊಂದು ಯೋಚನೆ ಬಂತು, ಬಂದ ಮೇಲೆ ಅವನು ಅದನ್ನು ಒಳಕ್ಕೆ ನೂಕಲು ನೋಡಿದ. ಊರಲ್ಲಿ ಏನಂದಾರು? ಸಾಬನ ಕೈಗೆ ಕೊಟ್ಟ, ಸಾಬ ತನ್ನ ಬಣ್ಣ ಬಳಿದು ಕಳಿಸಿದ ಅಂದಾರು. ಅವನು ತಲೆ ತಗ್ಗಿಸಿ ನಿಂತಿರುವಾಗಲೇ ನಜೀರಸಾಬ ಮೆಲ್ಲಗೆ ಅಂದ: "ಮಂದಿ ಏನಂತಾರ ಅನ್ನೂದು ನನಗೂ ಗೊತ್ತೈತ್ರಿ. ನಜೀರಸಾಬ ತನ್ನದಽ ಬಣ್ಣ ಹಚ್ಚ್ಯಾನ ಅಂತಾರ. ಅದಕ್ಕಽ ತಿರುಗಿ ತಿರುಗಿ ಕೇಳಿದ್ದು. ನಿಮ್ಮ ಇಚ್ಛಾ ಅಂದದ್ದೂ ಅದಕ್ಕಽ."

ತಿಮ್ಮಣ್ಣನ ಮುಖ ಕಿವಿಯವರೆಗೆ ಬಿಸಿಯಾಯಿತು. "ಯಾರಂತಾರ ಬಿಡ್ರಿ ಹಂಗ," ಎಂದ, ಬೇಕಾದ್ದಕ್ಕಿಂತ ಜೋರಾಗಿ. ಅಂದವನು ತಾನೇ, ಈಗಷ್ಟೇ, ಹೊಟ್ಟೆಯೊಳಗೆ. ಎದುರಿಗೆ ಕೂತ ಈ ಮನುಷ್ಯ ಅದನ್ನು ಹಣೆಯ ಮೇಲೆ ಓದಿಬಿಟ್ಟನೇನೋ ಎಂದು ಅಂಜಿಕೆಯಾಗಿ, ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಹುಡುಕಿದ. ಹುಡುಕುತ್ತ ಎಡಗಡೆಯ ಬಾಗಿಲಿಗೆ ಕೈ ಹಾಕಿದ. ಹಗ್ಗವಿರಲಿಲ್ಲ. ಹಿಡಿಕೆ ಎತ್ತಿದರೆ ಬಾಗಿಲು ತಾನಾಗಿ ತೆರೆದುಕೊಂಡಿತು, ಬಿಟ್ಟರೆ ಒಂದು ಮೆತ್ತನೆಯ ಸದ್ದು ಮಾಡಿ ಮುಚ್ಚಿತು. ಮತ್ತೆ ತೆಗೆದ, ಮತ್ತೆ ಮುಚ್ಚಿದ. ಗಾಜು ಇಳಿಸಿದ, ಏರಿಸಿದ. ಕೂತು ಕೀಲಿಕೈ ತಿರುವಿದರೆ ಗಾಡಿ ಒಂದೇ ಮಾತಿಗೆ ಎದ್ದಿತು. ಸೈಲೆನ್ಸರಿನ ಗುರುಗುರು ಇಲ್ಲ, ಹಾರ್ನು ಒತ್ತಿದರೆ ಹಾರ್ನಿನ ಸದ್ದೇ ಬಂತು. ಇಷ್ಟು ವರ್ಷ ತನ್ನದೇ ಗಾಡಿಯಲ್ಲಿ ತಾನು ಮುದುಡಿ ಕೂರುತ್ತಿದ್ದೆ ಎಂಬುದು, ಈಗ ಬೆನ್ನು ಆನಿಸಿ ಕೂತಾಗ ಅವನಿಗೆ ಗೊತ್ತಾಯಿತು.

"ಇದನ್ನ ಬಿಟ್ಟ ಹೋಗ್ರಿ, ಮತ್ತ ಬಿಳೀದು ಮಾಡಿಕೊಡ್ತೀನಿ. ನನ್ನ ತಪ್ಪು, ನನ್ನ ಮ್ಯಾಲ ಇರಲಿ," ಎಂದ ಸಾಬ.

"ನಾಳೆ ಕುಬಸ ಐತ್ರಿ. ಹೆಸರು ಒಂದರ ಈಗ ಬರೆಸಾಕ ಬರತೈತೇನು?"

"ಬಣ್ಣ ಇನ್ನೂ ಎಳೇದು ಐತಿ. ಗಟ್ಟಿ ಆಗಲಾರದ ಅಕ್ಷರ ಬರದ್ರ ಕಿತ್ತು ಬರತೈತ್ರಿ. ಬಾಣಂತನ ಮುಗಿಸಿಕೊಂಡು ಬರ್ರಿ, ನಾನಽ ನಿಂತು ಬರೆಸ್ತೀನಿ." ಬಣ್ಣ ಬದಲಾದದ್ದನ್ನು ಆರ್‌ಟಿಓ ಕಚೇರಿಯಲ್ಲಿ ನಮೂದು ಮಾಡಿಸಬೇಕೆಂದೂ ಅವನು ನೆನಪು ಮಾಡಿಕೊಟ್ಟ. ಆಗಲಿ, ಅದೂ ಬಾಣಂತನದ ಮೇಲೆಯೇ ಆಗಲಿ ಎಂದು ತಿಮ್ಮಣ್ಣ ಹೊರಟ. ಹೊರಡುವಾಗ ಕಿಟಕಿಯಿಂದ ಕೈ ಹೊರಚಾಚಿ, "ಕೆಲಸ ಮಾತ್ರ ಭಾಳ ಛಲೋ ಮಾಡೀರಿ ಸಾಬ್ರ," ಎಂದ. ಈ ಮಾತು ನಿಜವಾಗಿತ್ತು. ನಜೀರಸಾಬ ಎದೆಯ ಮೇಲೆ ಕೈ ಇಟ್ಟುಕೊಂಡ.

ದಾರಿಯುದ್ದಕ್ಕೂ ಅವನು ಎದುರು ಬಂದವರ ಮುಖ ನೋಡುತ್ತ ಬಂದ. ಕಾರ್ಖಾನೆಗಳ ಕಡೆಯ ಲಾರಿಗಳು ಕಪ್ಪು ಧೂಳು ಎಬ್ಬಿಸಿ ಹೋಗುತ್ತಿದ್ದವು. ಈ ಧೂಳಿಗೆ ಬಿಳಿ ಬಣ್ಣ ಹೇಗಿದ್ದರೂ ಬಾಳುತ್ತಿರಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಊರ ಮುಂದಿನ ಚಹಾದಂಗಡಿಯಲ್ಲಿ ಮಾರೆಪ್ಪ ಕೈ ಅಡ್ಡ ಮಾಡಿ, ಡಾಕ್ಟ್ರ, ಹೊಸಾ ಗಾಡಿ ಏನ್ರಿ ಎಂದು ಕೇಳಿದ. ತಿಮ್ಮಣ್ಣ ಹಾರ್ನು ಬಾರಿಸಿ ಮುಂದೆ ಬಂದ.

ಫಕೀರಮ್ಮ ಬುತ್ತಿಗೆ ಕರ್ಚಿಕಾಯಿ ಮಾಡುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಾಡಿಯನ್ನೂ ಗಂಡನನ್ನೂ ಒಂದು ಸುತ್ತು ನೋಡಿದಳು. ಅವನು ಎಲ್ಲವನ್ನೂ ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟಳು. "ಹೆಸರಕಾಳಿನ ಬಣ್ಣ ಐತಿ ನೋಡ್ರಿ. ನೀವು ಹೆಸರು ಅಂದ್ರಿ, ಅಂವ ಹೆಸರಽ ಹಚ್ಚ್ಯಾನ."

"ಮಂದಿ ಏನಂದಾರು?"

"ನನ್ನ ಹೆಸರ ಏನ್ರಿ?" ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು. "ದರ್ಗಾಕ್ಕ ಬೇಡಿಕೊಂಡ ಮ್ಯಾಲೆ ಹುಟ್ಟಿದಾಕಿ ಅಂತ ನಮ್ಮವ್ವ ಫಕೀರಮ್ಮ ಅಂತ ಕರದ್ಲು. ಇಷ್ಟ ದಿನ ಅದನ್ನ ಕರಕೋತ ಬದುಕು ಮಾಡೀರಿ. ಈಗ ಒಂದು ಬಣ್ಣಕ್ಕ ಅಂಜತೀರಿ." ತಿಮ್ಮಣ್ಣನಿಗೆ ಹಗುರವಾಯಿತು. ಪೂರ್ತಿ ಅಲ್ಲ. ಸುರೇಖಾಗ ಮಾತು ಕೊಟ್ಟಿದ್ದೆ ಎಂದ. ಆಕಿ ಯಾವಾಗರ ಕೇಳ್ಯಾಳೇನು ಎಂದು ಹೆಂಡತಿ ಕೇಳಿದಳು. "ಕೇಳಿಲ್ಲ," ಎಂದ ತಿಮ್ಮಣ್ಣ. "ಅದಕ್ಕಽ." ಫಕೀರಮ್ಮ ಮತ್ತೆ ನಗಲಿಲ್ಲ, ಒಳಗೆ ಹೋಗಿ ಒಂದು ಬಿಸಿ ಕರ್ಚಿಕಾಯಿ ತಂದು ಅವನ ಕೈಯಲ್ಲಿಟ್ಟಳು.

ಮರುದಿನ ಕುಷ್ಟಗಿಯ ಓಣಿಗೆ ಗಾಡಿ ತಿರುಗಿಸುವಾಗ ಅವನ ಅಂಗೈ ಸ್ಟಿಯರಿಂಗಿಗೆ ಅಂಟುತ್ತಿತ್ತು. ಕಟ್ಟೆಯ ಮೇಲೆ ವಿರುಪಣ್ಣ, ಅವನ ಸುತ್ತ ಅವತ್ತು ನೂಕಿದವರೇ ಇದ್ದರು. ಯಾರೂ ಏಳಲಿಲ್ಲ, ಯಾರ ಗಾಡಿ ಎಂದು ಅವರಿಗೆ ತಿಳಿದಿರಲಿಲ್ಲ. ಫಕೀರಮ್ಮ ಬುತ್ತಿಯ ಗಂಟು, ಹಸಿರು ಸೀರೆ, ಹಸಿರು ಬಳೆಯ ಮಲಾರ ಹಿಡಿದು ಇಳಿದ ಮೇಲೆ ಬೀಗತಿ ಗಾಳೆಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತು ಗಾಡಿ ನೋಡಿದಳು, ಫಕೀರಮ್ಮನ ಕೈಯಲ್ಲಿದ್ದ ಸೀರೆ ನೋಡಿದಳು, ಮತ್ತೆ ಗಾಡಿ ನೋಡಿದಳು. ಅವಳ ಮುಖ ಅರಳಿತು.

"ನೋಡ್ರೆವ್ವ ಇಲ್ಲಿ," ಎಂದು ಒಳಗಿನ ಹೆಂಗಸರನ್ನು ಕರೆದಳು. "ಸೊಸಿಗಿ ಹಸರು ಸೀರಿ ತಂದಾರಂತ ಗಾಡಿಗೂ ಹಸರು ಉಡಿಸಿಕೊಂಡು ಬಂದಾರ ಬೀಗರು. ನಮ್ಮ ಓಣ್ಯಾಗ ಇಂಥಾ ಕುಬಸ ಯಾರು ಮಾಡ್ಯಾರ ಹೇಳ್ರಿ."

ಹೆಂಗಸರು ಗುಂಪಾಗಿ ಬಂದರು. ಒಬ್ಬಾಕೆ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದಳು, ಮತ್ತೊಬ್ಬಾಕೆ ಕನ್ನಡಿಗೆ ಒಂದು ಹಸಿರು ಕುಪ್ಪಸದ ಕಣ ಕಟ್ಟಿದಳು. ಇಲ್ರಿ, ಇದು ಹಿಂಗಾತು ಎಂದು ಹೇಳಬೇಕು ಎಂದು ತಿಮ್ಮಣ್ಣ ಬಾಯಿ ತೆರೆದ. ಬಾಯಿಂದ ಬಂದದ್ದು, "ಚೊಚ್ಚಲ ಕುಬಸ ಅಲ್ಲೇನ್ರಿ," ಎಂಬ ಮಾತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಸರಿದಳು. ವಿರುಪಣ್ಣ ಕಟ್ಟೆ ಇಳಿದು ಬಂದು ನೇರ ಎಡಬಾಗಿಲ ಹತ್ತಿರ ಹೋದ. ಹಗ್ಗ ಹುಡುಕಿದನೇನೋ. ಹಿಡಿಕೆ ಎತ್ತಿದ, ಬಾಗಿಲು ತೆರೆಯಿತು. ಬಿಟ್ಟ, ಮೆತ್ತಗೆ ಮುಚ್ಚಿತು. ನಿನ್ನೆ ತಿಮ್ಮಣ್ಣ ಮಾಡಿದ ಹಾಗೆಯೇ ಅವನೂ ಇನ್ನೊಂದು ಸಲ ತೆಗೆದು ಮುಚ್ಚಿದ. "ಬೀಗರ, ನಮಗ ಬಾಲ ತಿರುವೋ ಕೆಲಸ ತಪ್ಪಿಸಿಬಿಟ್ರಿ," ಎಂದು ಹೇಳಿ ತಿಮ್ಮಣ್ಣನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದ. ತನ್ನದಲ್ಲದ ಜಾಣತನಕ್ಕೆ ಸಿಕ್ಕ ಆ ಮರ್ಯಾದೆಯಲ್ಲಿ ತಿಮ್ಮಣ್ಣ ಊಟ ಮಾಡಿದ. ಹೋಳಿಗೆಗೆ ತುಪ್ಪ ಇನ್ನಷ್ಟು ಎಂದು ಬಡಿಸಿದಾಗ ಬೇಡ ಅನ್ನಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಸುಖವಾಗುತ್ತಿತ್ತು. ಕೊಪ್ಪಳದಲ್ಲಿ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತ ನಜೀರಸಾಬನಿಗೆ ಇದರಲ್ಲಿ ಅರ್ಧ ಸಲ್ಲಬೇಕು, ಹೋಗಿ ಹೇಳಬೇಕು ಎಂದುಕೊಂಡ.

ಸುರೇಖಾ ಹೊರಡಲು ಬಂದಳು. ಹಸಿರು ಸೀರೆ, ಮೊಳಕೈಯತನಕ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು. ಒಂದು ಕೈ ಸೊಂಟಕ್ಕೆ ಆನಿಸಿ ನಿಧಾನ ನಡೆದು ಬಂದವಳು ದುರಗೇಶ ತೆರೆದು ಹಿಡಿದ ಬಾಗಿಲನ್ನು ದಾಟಿ ಗಾಡಿಯ ಹಿಂಭಾಗಕ್ಕೆ ಹೋದಳು. ಇಷ್ಟು ವರ್ಷ ಕೇಳದಿದ್ದವಳು ಮೊದಲು ಅಲ್ಲಿಗೇ ಹೋದಳಲ್ಲ. ತಿಮ್ಮಣ್ಣನೂ ಹಿಂದೆ ಹೋದ. ಖಾಲಿ ಹಸಿರನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಹೇಮಾ ಎಲ್ಲಿ ಹೋದ್ಲಪ್ಪಾ?"

"ತಗಿಸಿದೆ," ಎಂದ. "ನಿನ್ನ ಹೆಸರ ಬರೆಸಬೇಕಂತ ಮಾಡಿದ್ದೆನವ್ವಾ. ಸಾಬ ಬಣ್ಣ ಗಟ್ಟಿ ಆಗಲಿ ಅಂದ. ಬರೆಸೂದಂತೂ ಖರೇ. ಆಗ ನೀ ಅತ್ತಿದ್ದಿ, ನಾ ಮಾತು ಕೊಟ್ಟಿದ್ದೆ."

"ಅತ್ತಿದ್ದೆನೇನು?" ಸುರೇಖಾ ನೆನಪು ಮಾಡಿಕೊಂಡಳು. "ಹೂಂ, ಒಂದಿನ ಅತ್ತಿದ್ದೆ. ಮರುದಿನ ಸಾಲ್ಯಾಗ ಎಲ್ಲಾರಿಗೂ ಹೇಳಿಬಿಟ್ಟೆ, ಹೇಮಾ ನಮ್ಮಕ್ಕ ಅಂತ. ಲಗ್ನ ಆಗಿ ರಾಯಚೂರಾಗ ಇರತಾಳ ಅಂತ. ಎಲ್ಲಾರೂ ನಂಬಿದ್ರು." ಅವಳು ನಗುತ್ತಿದ್ದಳು, ಆದರೆ ಕೈ ಡಿಕ್ಕಿಯ ಮೇಲೆ, ಹಳೆಯ ಅಕ್ಷರ ಇದ್ದ ಜಾಗದಲ್ಲಿ ಇತ್ತು. "ಒಬ್ಬಾಕಿನಽ ಇದ್ದೆನಲ್ಲ. ಆಡಾಕ ಯಾರೂ ಇರಲಿಲ್ಲ. ಇರಲಿ ಬಿಡಪ್ಪಾ, ಬಣ್ಣ ಛಲೋ ಐತಿ. ನನ್ನ ಸೀರಿಗೆ ಕೂಡತೈತಿ."

ತಿಮ್ಮಣ್ಣ ಗಾಡಿ ಹೊರಡಿಸಿದ. ದಾರಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕೆಂಪು ಮಣ್ಣು ಎದ್ದು ಗಾಜಿನ ಮೇಲೆ ಬೀಳುತ್ತಿತ್ತು, ಅವನು ಗಾಡಿಯನ್ನು ಎತ್ತಿನ ಬಂಡಿಯಷ್ಟು ಮೆಲ್ಲಗೆ ಹೊಡೆದ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಯಾರದೋ ಬಾಣಂತನದ ಮಾತಾಡುತ್ತಿದ್ದರು. ಅವನು ಆ ಧೂಳಿನ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತಿದ್ದ. ಪೈಪೋಟಿಗೆ ಬರೆದದ್ದು ಎಂದು ಇಷ್ಟು ವರ್ಷ ತಿಳಿದಿದ್ದ. ಅಪ್ಪ ಕೊಡದ ಜಾಗವನ್ನು ಹುಡುಗಿ ತಾನೇ ಕಿತ್ತುಕೊಳ್ಳುತ್ತಿದ್ದಾಳೆ ಎಂದು. ಅದು ಅಕ್ಕನ ಮಗ್ಗುಲಲ್ಲಿ ಮಲಗುವ ತಂಗಿಯ ಹಾಗೆ ಬರೆದದ್ದಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಆಗ ತಂಗಿಯನ್ನು ಒರೆಸಿದ, ಈಗ ಅಕ್ಕನನ್ನು ಕೆರೆಸಿ ತೆಗೆಸಿದ. ಎರಡೂ ಪ್ರೀತಿಯಿಂದಲೇ. ಅವನಿಗೆ ತನ್ನ ಮೇಲೆಯೇ ನಗು ಬಂತು, ಆ ನಗುವಿನಲ್ಲಿ ನೋವು ಅಷ್ಟಾಗಿ ಇರಲಿಲ್ಲ. ಕಾಲು ಜೋಮು ಹಿಡಿಯಿತು ಎಂದು ಸುರೇಖಾ ಒಂದು ಕಡೆ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು ಸ್ವಲ್ಪ ಅಡ್ಡಾಡಿದಳು. ಅವನು ರಸ್ತೆಯಾಚೆ ಕೂತ ಮುದುಕಿಯ ಹತ್ತಿರ ಪೇರಲಹಣ್ಣು ಆರಿಸುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಅವಳು ಒಳಗೆ ಕೂತು, ಬಾಗಿಲನ್ನು ತಾನೇ ಎಳೆದುಕೊಂಡಿದ್ದಳು. ಮೆತ್ತನೆಯ ಆ ಸದ್ದು ಅವನಿಗೆ ಕೇಳಿಸಿತು.

ಬೆಳಿಗ್ಗೆ ಎದ್ದವನೇ ತಿಮ್ಮಣ್ಣ ಬಕೀಟು ತುಂಬಿಕೊಂಡು, ಮೆತ್ತನೆಯ ಹಳೆಯ ಧೋತರದ ಅರಿವೆ ತೆಗೆದುಕೊಂಡು ಅಂಗಳಕ್ಕೆ ಬಂದ. ಒಳಗೆ ಮಗಳು ಇನ್ನೂ ಮಲಗಿದ್ದಳು. ಮನೆಯಲ್ಲಿ ಒಬ್ಬರು ಹೆಚ್ಚಿಗೆ ಉಸಿರಾಡುತ್ತಿರುವುದು ಅಂಗಳದವರೆಗೂ ಗೊತ್ತಾಗುತ್ತಿತ್ತು, ಅಥವಾ ಅವನಿಗೆ ಹಾಗೆ ಅನ್ನಿಸಿತು. ಬಾನೆಟ್ಟು ತೊಳೆದ, ಕುಂಕುಮದ ಬೊಟ್ಟು ಉಳಿಸಿ. ಬಾಗಿಲುಗಳನ್ನು ಒರೆಸಿದ. ಕೆಂಪು ಧೂಳಿನ ಕೆಳಗಿನಿಂದ ಹಸಿರು ಮತ್ತೆ ಎದ್ದು ಬಂತು, ಅವನಿಗೆ ಅದು ಈಗ ಬಹಳ ಚೆಂದ ಕಂಡಿತು. ಹಿಂಭಾಗಕ್ಕೆ ಬಂದು, ಅರಿವೆ ನೀರಿಗದ್ದಿ ಹಿಂಡಿ, ಕೈ ಎತ್ತಿದವನು ಹಾಗೆಯೇ ನಿಂತ.

ಡಿಕ್ಕಿಯ ಮೇಲಿನ ಧೂಳಿನಲ್ಲಿ, ಹಳೆಯ ಜಾಗದಲ್ಲೇ, ಬೆರಳಿನಿಂದ ದುಂಡಗೆ ಹೇಮಾ ಎಂದು ಬರೆದಿತ್ತು. ಪಕ್ಕದಲ್ಲೊಂದು ಹೂವು. ಅದರ ಕೆಳಗೆ ಸುರೇಖಾ, ಸ್ವಲ್ಪ ಓರೆಯಾಗಿ, ಸಣ್ಣಗೆ. ಎರಡೂ ಈಗ ಧೂಳಿನವೇ. ಅವನು ಬಗ್ಗಿ, ಸಾಲೆಯ ಹುಡುಗನ ಹಾಗೆ ಅಕ್ಷರ ಅಕ್ಷರ ನೋಡಿದ. ಹೇ, ರೇ, ಎರಡರ ತಲೆಯ ಮೇಲೂ ಎತ್ವ ನೆಟ್ಟಗೆ ಇತ್ತು. ಬಿದ್ದಿರಲಿಲ್ಲ. ಅರಿವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಆಚೀಚೆ ಮಾತ್ರ, ಒಂದು ಹನಿಯೂ ಸಿಡಿಯದ ಹಾಗೆ ಒರೆಸಿದ.

ಚಹಾ ತಂದ ಫಕೀರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ದೂರದಿಂದ ಅವಳಿಗೆ ಧೂಳು ಕಂಡಿತೇ ಹೊರತು ಅಕ್ಷರ ಕಾಣಲಿಲ್ಲ. "ಹಿಂದ ಅಷ್ಟ ಯಾಕ ಬಿಟ್ರಿ?" ಎಂದು ಕೇಳಿದಳು.

"ಅಲ್ಲಿ ಇನ್ನೂ ಹಸಿ ಐತಿ," ಎಂದು ತಿಮ್ಮಣ್ಣ ಬಕೀಟಿನಲ್ಲಿ ಉಳಿದ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರುವಿದ.